ಹಡಗಿನ ಬಫೆ: ಶುದ್ಧ ಸಸ್ಯಾಹಾರಿ ಅತ್ತೆಗೆ ಏನು ಸಿಗುತ್ತೆ?

ಪ್ರಶ್ನೆ: ಬೇಸಿಗೆ ರಜೆಗೆ ನಾವು ಐದು ಜನ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ರಾಯಲ್ ಕೆರಿಬಿಯನ್ ಹಡಗಿನಲ್ಲಿ ನಾಲ್ಕು ರಾತ್ರಿ ಪೆನಾಂಗ್, ಫುಕೆಟ್ ಸುತ್ತಿ ಬರುತ್ತೇವೆ. "ಇಪ್ಪತ್ನಾಲ್ಕು ಗಂಟೆ ಬಫೆ ಇರುತ್ತೆ, ಇಂಡಿಯನ್ ಫುಡ್ ಎಲ್ಲಾ ಸಿಗುತ್ತೆ, ತಲೆ ಕೆಡಿಸ್ಕೋಬೇಡಿ" ಅಂತ ಏಜೆಂಟ್ ಹೇಳಿದ್ದಾರೆ. ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಮೊಟ್ಟೆ ಕೂಡ ಮುಟ್ಟುವುದಿಲ್ಲ, ಸಕ್ಕರೆ ಕಾಯಿಲೆಯೂ ಇದೆ. ಗಂಡ, ಮಕ್ಕಳು ಎಲ್ಲವನ್ನೂ ತಿನ್ನುತ್ತಾರೆ. ಬಫೆ ನಿಜಕ್ಕೂ ಹೇಗಿರುತ್ತೆ? ದುಡ್ಡು ಬೇರೆ ಕೊಡಬೇಕಾ? ಹಡಗಿನ ಊಟದಿಂದ ಹೊಟ್ಟೆ ಕೆಡುತ್ತೆ ಅಂತಾರಲ್ಲ, ಹೌದಾ? ಒಂದು ಸಣ್ಣ ರೈಸ್ ಕುಕ್ಕರ್ ತಗೊಂಡು ಹೋಗಬಹುದಾ? (ಓದುಗರು, ದಾವಣಗೆರೆ)

ಉತ್ತರ: ಕುಕ್ಕರ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ರೈಸ್ ಕುಕ್ಕರ್, ಕರೆಂಟ್ ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಹೀಗೆ ಬಿಸಿಯಾಗುವ ಯಾವ ವಸ್ತುವನ್ನೂ ಹಡಗಿನ ಕೋಣೆಗೆ ಬಿಡುವುದಿಲ್ಲ. ಸಮುದ್ರದ ಮಧ್ಯೆ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಬ್ಯಾಗ್ ಸ್ಕ್ಯಾನ್ ಮಾಡುವಾಗಲೇ ತೆಗೆದಿಟ್ಟುಕೊಂಡು, ಇಳಿಯುವ ದಿನ ವಾಪಸ್ ಕೊಡುತ್ತಾರೆ. ಮನೆಯಲ್ಲಿ ಮಾಡಿದ ಚಪಾತಿ, ಪುಳಿಯೋಗರೆ ಥರದ ಅಡುಗೆಗೂ ಸಾಮಾನ್ಯವಾಗಿ ಒಳಗೆ ಪ್ರವೇಶವಿಲ್ಲ. ಅಂಗಡಿಯಲ್ಲಿ ಸೀಲ್ ಆಗಿ ಬರುವ ಪ್ಯಾಕೆಟ್ ತಿಂಡಿಗೆ ತೊಂದರೆ ಇಲ್ಲ. ಸೀಲ್ ಆದ ಚಟ್ನಿಪುಡಿ, ಉಪ್ಪಿನಕಾಯಿ ಪ್ಯಾಕೆಟ್, ಖಾಕ್ರಾ, ಬಿಸಿನೀರು ಹಾಕಿದರೆ ಸಾಕು ಅನ್ನುವ ಉಪ್ಪಿಟ್ಟಿನ ಕಪ್ಪು ಇಟ್ಟುಕೊಳ್ಳಿ. ಬಿಸಿನೀರು ಬಫೆಯ ಟೀ ಮೆಷಿನ್‌ನಲ್ಲೇ ಸಿಗುತ್ತೆ.

ನಾನು ಹಡಗಿನ ಊಟದ ವಿಭಾಗದಲ್ಲೇ ಕೆಲಸ ಮಾಡಿದವನು. ಬಫೆಯನ್ನು ಕೌಂಟರ್‌ನ ಆ ಕಡೆಯಿಂದ ನೋಡಿದ್ದೇ ಜಾಸ್ತಿ. ನನ್ನ ಸಲಹೆ ಇಷ್ಟು: ಬೆಳಿಗ್ಗೆ, ಮಧ್ಯಾಹ್ನ ಬಫೆಗೆ ಹೋಗಿ. ರಾತ್ರಿ ಊಟಕ್ಕೆ ಮೇನ್ ಡೈನಿಂಗ್ ರೂಮಿಗೆ, ಅಂದರೆ ವೇಟರ್ ಟೇಬಲ್‌ಗೇ ತಂದು ಬಡಿಸುವ ದೊಡ್ಡ ಊಟದ ಹಾಲ್‌ಗೆ ಹೋಗಿ. ನಿಮ್ಮ ಅತ್ತೆಯವರಿಗಂತೂ ಇದೇ ಸರಿ. ಟಿಕೆಟ್ ದುಡ್ಡಿನಲ್ಲಿ ಎರಡೂ ಸೇರಿವೆ. ಆದರೂ ನಮ್ಮವರಲ್ಲಿ ಎಷ್ಟೋ ಜನ ಡೈನಿಂಗ್ ರೂಮ್ ಕಡೆ ತಲೆ ಹಾಕದೆ ಎಲ್ಲಾ ಊಟವನ್ನೂ ಬಫೆಯಲ್ಲೇ ಮುಗಿಸುತ್ತಾರೆ. ಅಲ್ಲಿ ಕೋಟು ಹಾಕಬೇಕೇನೋ, ಇಂಗ್ಲಿಷ್ ಮಾತಾಡಬೇಕೇನೋ, ಬಿಲ್ ಬರುತ್ತೇನೋ ಎಂಬ ಹಿಂಜರಿಕೆ. ಬಿಲ್ ಬರುವುದಿಲ್ಲ. ನೀಟಾದ ಪ್ಯಾಂಟು-ಶರ್ಟು, ಚೂಡಿದಾರ, ಸೀರೆ ಧಾರಾಳವಾಗಿ ಸಾಕು.

ಇನ್ನು ಏಜೆಂಟ್ ಹೇಳಿದ "ಇಪ್ಪತ್ನಾಲ್ಕು ಗಂಟೆ". ಹಡಗಿನಲ್ಲಿ ಹೆಚ್ಚುಕಡಿಮೆ ಯಾವ ಹೊತ್ತಿನಲ್ಲಾದರೂ ಏನೋ ಒಂದು ತಿನ್ನಲು ಸಿಗುತ್ತೆ, ಅದು ನಿಜ. ಆದರೆ ಬಫೆ ಆ ಥರ ತೆರೆದಿರುವುದಿಲ್ಲ. ನಿಮ್ಮ ಹಡಗಿನಲ್ಲಿ ಅದರ ಹೆಸರು ವಿಂಡ್‌ಜಾಮರ್. ಬೇರೆ ಕಂಪನಿಗಳಲ್ಲಿ ಬೇರೆ ಹೆಸರು, ಕಾರ್ನಿವಲ್‌ನಲ್ಲಿ ಲೀಡೋ, ನಾರ್ವೇಜಿಯನ್‌ನಲ್ಲಿ ಗಾರ್ಡನ್ ಕೆಫೆ. ಸುಮಾರಾಗಿ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ತಿಂಡಿ, ಹನ್ನೊಂದೂವರೆಯಿಂದ ಮೂರು-ಮೂರೂವರೆವರೆಗೆ ಊಟ, ಸಂಜೆ ಐದೂವರೆ-ಆರಕ್ಕೆ ಮತ್ತೆ ಶುರುವಾಗಿ ರಾತ್ರಿ ಒಂಬತ್ತು-ಒಂಬತ್ತೂವರೆಗೆ ಬಾಗಿಲು. ಆಯಾ ದಿನದ ಸರಿಯಾದ ಸಮಯ ಕಂಪನಿಯ ಮೊಬೈಲ್ ಆ್ಯಪ್‌ನಲ್ಲಿರುತ್ತೆ. ಊರಿನಿಂದ ಹೊರಡುವ ಮುಂಚೆಯೇ ಅದನ್ನು ಹಾಕಿಕೊಳ್ಳಿ. ಮನೆಯಲ್ಲಿ ಒಂಬತ್ತೂವರೆಗೆ ಊಟ ಮಾಡುವ ಅಭ್ಯಾಸದವರು ಅದೇ ಹೊತ್ತಿಗೆ ಹೋದರೆ, ಟೇಬಲ್ ಒರೆಸುತ್ತಿರುವ ಹುಡುಗರು ಮಾತ್ರ ಕಾಣುತ್ತಾರೆ. ಆಮೇಲೆ ಉಳಿಯುವುದು ಸೊರೆಂಟೋಸ್ ಎಂಬ ಪಿಜ್ಜಾ ಕೌಂಟರ್, ಕೆಫೆಯ ಸ್ಯಾಂಡ್‌ವಿಚ್, ಕೇಕು. ಮಧ್ಯರಾತ್ರಿ ಬಫೆ ಅಂತ ಹಳಬರು ಹೇಳುವುದು ಈಗ ಬಹುತೇಕ ಹಡಗುಗಳಲ್ಲಿ ನಿಂತೇಹೋಗಿದೆ.

ಬಫೆ ನೋಡಲು ಹೇಗಿರುತ್ತೆ ಅಂದರೆ, ಹಡಗಿನ ಮೇಲಿನ ಒಂದು ಡೆಕ್‌ನಲ್ಲಿ (ಅಂತಸ್ತಿನಲ್ಲಿ), ಸುತ್ತ ಗಾಜಿನ ಕಿಟಕಿಗಳಿರುವ ದೊಡ್ಡ ಹಾಲ್. ಒಂದೇ ಉದ್ದ ಸಾಲು ಇರುವುದಿಲ್ಲ. ಅಲ್ಲಲ್ಲಿ ದ್ವೀಪದಂತೆ ಕೌಂಟರ್‌ಗಳು. ಒಂದು ಕಡೆ ಸಲಾಡ್, ಒಂದು ಕಡೆ ಬ್ರೆಡ್ಡು-ಚೀಸು, ಮತ್ತೊಂದು ಕಡೆ ಚೀನೀ ಅಡುಗೆ, ಪಾಸ್ತಾ, ಹುರಿದ ಮಾಂಸ, ಕೊನೆಗೆ ಸಿಹಿ. ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯರು ತುಂಬಾ ಇರುತ್ತಾರೆ. ಹಾಗಾಗಿ ಅನ್ನ, ಒಂದು ದಾಲ್, ಒಂದೆರಡು ಪಲ್ಯ-ಗ್ರೇವಿ, ನಾನ್ ಇರುವ ಭಾರತೀಯ ವಿಭಾಗವನ್ನು ಸಾಮಾನ್ಯವಾಗಿ ನಿರೀಕ್ಷಿಸಬಹುದು. ರುಚಿ ಉತ್ತರ ಭಾರತದ್ದು, ಅದೂ ಖಾರ ಕಡಿಮೆ. ಸಾರು, ಹುಳಿ, ರೊಟ್ಟಿ-ಎಣ್ಣೆಗಾಯಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಇಡ್ಲಿ-ಸಾಂಬಾರ್ ಒಂದು ದಿನ ಕಾಣಿಸಿಕೊಂಡರೆ ಖುಷಿಪಡಿ, ಮರುದಿನವೂ ಇರುತ್ತೆ ಅಂದುಕೊಳ್ಳಬೇಡಿ. ಬೆಳಗಿನ ತಿಂಡಿಗೆ ಮಾತ್ರ ಚಿಂತೆಯೇ ಇಲ್ಲ. ಬ್ರೆಡ್ಡು, ಬೆಣ್ಣೆ, ಓಟ್ಸ್, ಹಾಲು, ಕಾರ್ನ್‌ಫ್ಲೇಕ್ಸ್, ಹಣ್ಣು, ಮೊಸರು ಧಾರಾಳ.

ಹಡಗು ಹತ್ತುವ ದಿನದ ಮಧ್ಯಾಹ್ನ ಮಾತ್ರ ಬಫೆಯ ಅತಿ ಕೆಟ್ಟ ಹೊತ್ತು. ಕೋಣೆ ತಯಾರಾಗುವುದು ಸುಮಾರು ಒಂದು ಗಂಟೆಯ ಮೇಲೆ. ಅಲ್ಲಿಯವರೆಗೆ ಸಾವಿರಾರು ಜನ ಕೈಚೀಲ ಹಿಡಿದುಕೊಂಡು ಬರುವುದು ಬಫೆಗೇ. ನಮ್ಮ ಕಡೆ ಮದುವೆ ಮನೆಯ ಮೊದಲ ಪಂಕ್ತಿಗೆ ಜಾಗ ಹಿಡಿಯುವ ಪರಿಸ್ಥಿತಿ ನೆನಪಿಸಿಕೊಳ್ಳಿ, ಗೊತ್ತಾಗುತ್ತೆ. ಟೇಬಲ್ ಕಾದಿರಿಸುವ ಪದ್ಧತಿ ಇಲ್ಲ, ಎದ್ದುಹೋದವರ ಜಾಗದಲ್ಲಿ ಕೂರಬೇಕು. ಹಾಗಾಗಿ ಬೇಗ, ಅಂದರೆ ಹನ್ನೆರಡರ ಒಳಗೆ ಹತ್ತಿಬಿಡಿ. ಇಲ್ಲವಾದರೆ ಎರಡರ ಮೇಲೆ ಊಟಕ್ಕೆ ಹೋಗಿ. ಕೆಲವು ಹಡಗುಗಳಲ್ಲಿ ಆ ಮಧ್ಯಾಹ್ನ ಮೇನ್ ಡೈನಿಂಗ್ ರೂಮೂ ತೆರೆದಿರುತ್ತೆ, ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ಬಾಗಿಲಲ್ಲಿ ನಿಂತಿರುವ ಸಿಬ್ಬಂದಿಯನ್ನು ಕೇಳಿ. ಅತ್ತೆಯವರ ಮಾತ್ರೆ, ಇನ್ಸುಲಿನ್ ಇದ್ದರೆ ಅದು, ಒಂದಿಷ್ಟು ಬಿಸ್ಕತ್ತು ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ಕೊಟ್ಟ ದೊಡ್ಡ ಸೂಟ್‌ಕೇಸ್ ಕೋಣೆಗೆ ಬರುವಾಗ ಸಂಜೆಯಾಗಬಹುದು.

ಉಳಿದ ದಿನಗಳಲ್ಲೂ ಎರಡು ಸಣ್ಣ ಉಪಾಯಗಳಿವೆ. ದೊಡ್ಡ ಹಡಗುಗಳ ಬಫೆಯಲ್ಲಿ ಎಡಗಡೆ ಇರುವುದೇ ಹೆಚ್ಚಾಗಿ ಬಲಗಡೆಯೂ ಇರುತ್ತೆ. ಜನ ಬಾಗಿಲ ಹತ್ತಿರದ ಕೌಂಟರ್‌ಗೇ ಮುತ್ತುತ್ತಾರೆ. ನೀವು ಸೀದಾ ಒಳಗೆ ನಡೆದುಬಿಡಿ. ಇನ್ನೊಂದು, ಪೆನಾಂಗ್, ಫುಕೆಟ್‌ನಲ್ಲಿ ಇಳಿಯುವ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆವರೆಗೆ ನೂಕುನುಗ್ಗಲು. ಬಾಗಿಲು ತೆರೆಯುವ ಏಳಕ್ಕೇ ತಿಂಡಿಗೆ ಹೋಗಿಬಿಡಿ. ಅತ್ತೆಯವರನ್ನು ಮೊದಲು ಕೂರಿಸಿ, ಆಮೇಲೆ ನೀವು ಬಡಿಸಿಕೊಂಡು ಬನ್ನಿ. ಅನೇಕ ಹಡಗುಗಳಲ್ಲಿ ಈಗ ಟ್ರೇ ಇಡುವುದಿಲ್ಲ. ಭಾರದ ತಟ್ಟೆ ಒಂದು ಕೈಯಲ್ಲಿ, ನೀರಿನ ಲೋಟ ಇನ್ನೊಂದರಲ್ಲಿ, ಕಾಲಡಿಯಲ್ಲಿ ಸ್ವಲ್ಪ ತೂಗುವ ನೆಲ. ವಯಸ್ಸಾದವರಿಗೆ ಇದು ಬೇಡ. ಸಿಬ್ಬಂದಿಯನ್ನು ಕೇಳಿದರೂ ತಟ್ಟೆ ತಂದುಕೊಡುತ್ತಾರೆ, ಸಂಕೋಚ ಪಡಬೇಡಿ. ಹಡಗಿನ ಮೇಲಿನ ಡೆಕ್‌ಗಳಲ್ಲಿ ತೂಗಾಟ ಜಾಸ್ತಿ, ಕೆಳಗಿನ ಡೆಕ್‌ಗಳಲ್ಲಿ ಕಡಿಮೆ. ಡೈನಿಂಗ್ ರೂಮ್ ಕೆಳಗಿರುತ್ತೆ. ತಲೆ ಸುತ್ತುವವರಿಗೆ ಅದೂ ಒಂದು ಅನುಕೂಲ.

ಈಗ ಮುಖ್ಯ ವಿಷಯ, ಶುದ್ಧ ಸಸ್ಯಾಹಾರ.

ಬಫೆಯಲ್ಲಿ ಪ್ರತಿ ಪಾತ್ರೆಯ ಮುಂದೆ ಹೆಸರಿನ ಚೀಟಿ ಇರುತ್ತೆ. ಸಸ್ಯಾಹಾರಕ್ಕೆ ಗುರುತೂ ಇರುತ್ತೆ. ಆದರೆ ಆ ಗುರುತಿನ ಅರ್ಥ ಮಾಂಸ, ಮೀನು ಇಲ್ಲ ಅಂತ ಮಾತ್ರ. ಮೊಟ್ಟೆ ಇಲ್ಲ ಅಂತಲ್ಲ. ಕೇಕು, ಪೇಸ್ಟ್ರಿ, ಪ್ಯಾನ್‌ಕೇಕ್, ಮೇಯೊನೀಸ್, ತಾಜಾ ಪಾಸ್ತಾ ಇವುಗಳಲ್ಲಿ ಮೊಟ್ಟೆ ಇದ್ದೇ ಇರುತ್ತೆ ಅಂದುಕೊಂಡೇ ನಡೆಯಿರಿ. ಕಣ್ಣಿಗೆ ಕಾಣದ ಮಾಂಸಾಹಾರವೂ ಉಂಟು. ತರಕಾರಿ ಸೂಪಿಗೆ ಕೋಳಿಯ ಸ್ಟಾಕ್ (ಬೇಯಿಸಿದ ರಸ) ಹಾಕಿರಬಹುದು. ತರಕಾರಿ ಫ್ರೈಡ್ ರೈಸ್, ನೂಡಲ್ಸ್‌ಗೆ ಸಿಂಪಿಯಿಂದ ಮಾಡುವ ಆಯಿಸ್ಟರ್ ಸಾಸೋ ಮೀನಿನಿಂದ ಮಾಡುವ ಫಿಶ್ ಸಾಸೋ ಬಿದ್ದಿರಬಹುದು. ಪೆನಾಂಗ್, ಫುಕೆಟ್ ಕಡೆಯ ಅಡುಗೆಗಳಲ್ಲಿ ಸಿಗಡಿ ಪೇಸ್ಟ್ ತೀರಾ ಸಾಮಾನ್ಯ. ಸೀಸರ್ ಸಲಾಡ್ ಹಸಿರು ಎಲೆಯಂತೆ ಕಂಡರೂ ಅದರ ಡ್ರೆಸ್ಸಿಂಗ್‌ನಲ್ಲಿ ಆಂಚೊವಿ ಎಂಬ ಸಣ್ಣ ಮೀನಿರುತ್ತೆ. ಜೆಲ್ಲಿ, ಮೂಸ್, ಪನ್ನಾ ಕೋಟಾ, ಮಾರ್ಷ್‌ಮ್ಯಾಲೊ ಇವುಗಳಿಗೆ ಜೆಲಾಟಿನ್ ಬಳಸುತ್ತಾರೆ, ಅದು ಪ್ರಾಣಿಯ ಮೂಳೆ-ಚರ್ಮದಿಂದ ಬರುವುದು. ಕೆಲವು ಹಣ್ಣಿನ ರುಚಿಯ ಮೊಸರಿನ ಕಪ್ಪುಗಳಲ್ಲೂ ಜೆಲಾಟಿನ್ ಇರುತ್ತೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್ ಮಾಡಲು ಹಾಲನ್ನು ಹೆಪ್ಪುಗಟ್ಟಿಸುವ, ಕರುವಿನ ಹೊಟ್ಟೆಯಿಂದ ಬರುವ ರೆನೆಟ್ ಬೇಕು. ಇಷ್ಟು ಓದಿ ಗಾಬರಿಯಾಗಬೇಡಿ. ಸಪ್ಪೆ ಮೊಸರು, ಅನ್ನ, ದಾಲ್, ಬೇಯಿಸಿದ ತರಕಾರಿ, ಹಣ್ಣು, ಕಡಲೆಕಾಳಿನ ಸಲಾಡ್ ಇವೆಲ್ಲಾ ಇವೆಯಲ್ಲ. ಏಕಾದಶಿ ಬಂದರೂ ಹಣ್ಣು, ಹಾಲು, ಬೇಯಿಸಿದ ಆಲೂಗಡ್ಡೆಗೆ ಬಫೆಯಂಥ ಜಾಗ ಇನ್ನೊಂದಿಲ್ಲ.

ಚೀಟಿ ಓದಿದರೂ ಒಂದು ಸಮಸ್ಯೆ ಉಳಿಯುತ್ತೆ. ಕೋಳಿ ಪಾತ್ರೆಯ ಸೌಟನ್ನು ಪಕ್ಕದ ಪನೀರ್ ಪಾತ್ರೆಗೆ ಅದ್ದುವುದು ಯಾರು? ಅಡುಗೆಯವರಲ್ಲ, ಸಾಲಿನಲ್ಲಿ ನಿಂತ ಅತಿಥಿಗಳೇ. ಇದನ್ನು ಯಾವ ಕಂಪನಿಯೂ ಪೂರ್ತಿ ತಡೆಯಲಾರದು. ಹಡಗಿನ ಅಡುಗೆಮನೆಯನ್ನು ನಾವು ಗ್ಯಾಲಿ ಅನ್ನುತ್ತೇವೆ. ಅಲ್ಲಿ ಹಸಿ ಮಾಂಸಕ್ಕೆ, ತರಕಾರಿಗೆ ಬೇರೆ ಬೇರೆ ಬಣ್ಣದ ಹಲಗೆ, ಬೇರೆ ಜಾಗ ಇರುತ್ತೆ. ಆದರೆ ಒಲೆ, ಓವನ್, ಎಣ್ಣೆ ಬಾಣಲೆ ಎಲ್ಲಾ ಕಡೆ ಬೇರೆ ಇರುವುದಿಲ್ಲ. ಫ್ರೆಂಚ್ ಫ್ರೈಸ್ ಕರಿದ ಎಣ್ಣೆಯಲ್ಲೇ ಮೀನೂ ಕರಿದಿರಬಹುದು. ಇದು ನಿಮ್ಮ ಅತ್ತೆಯವರಿಗೆ ಎಷ್ಟು ಮುಖ್ಯ ಅನ್ನುವುದನ್ನು ಅವರನ್ನೇ ಕೇಳಿ. "ತಟ್ಟೆಯಲ್ಲಿ ಮಾಂಸ ಇಲ್ಲದಿದ್ದರೆ ಆಯ್ತು" ಅನ್ನುವವರಾದರೆ ಬಫೆ ಸಾಕು. ಪಾತ್ರೆಯೂ ಬೇರೆ ಇರಬೇಕು ಅನ್ನುವವರಾದರೆ ಇಂಥ ಹಡಗಿನಲ್ಲಿ ಆ ಭರವಸೆ ಯಾರೂ ಕೊಡಲಾರರು. ಸುಮ್ನೆ ಕರೆದುಕೊಂಡು ಹೋಗಿ ನಾಲ್ಕು ದಿನ ಬಾಳೆಹಣ್ಣಿನ ಮೇಲೆ ಇರಿಸುವುದಕ್ಕಿಂತ ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು, ಅಲ್ವಾ?

ಹೀಗಾಗಿಯೇ ರಾತ್ರಿ ಊಟಕ್ಕೆ ಡೈನಿಂಗ್ ರೂಮ್ ಅಂದೆ. ಅಲ್ಲಿ ಪ್ರತಿ ರಾತ್ರಿಯೂ ನಿಮಗೆ ಅದೇ ಟೇಬಲ್, ಅದೇ ವೇಟರ್ ಸಿಗುವ ವ್ಯವಸ್ಥೆ ಇದೆ. ಅವರ ಮೇಲೆ ಒಬ್ಬ ಹೆಡ್ ವೇಟರ್ ಇರುತ್ತಾರೆ. ಮೊದಲ ರಾತ್ರಿಯೇ ಅವರನ್ನು ಕರೆದು ಹೇಳಿ: ನಮ್ಮ ಅತ್ತೆಗೆ ಮಾಂಸ, ಮೀನು, ಮೊಟ್ಟೆ ಬೇಡ, ನಾಳೆಯಿಂದ ಭಾರತೀಯ ಸಸ್ಯಾಹಾರ ಬೇಕು. ಮರುದಿನ ರಾತ್ರಿ ಏನು ಬೇಕು ಅಂತ ಹಿಂದಿನ ರಾತ್ರಿಯೇ ಕೇಳಿ ಬರೆದುಕೊಳ್ಳುತ್ತಾರೆ. ಗ್ಯಾಲಿಯಲ್ಲಿ ಸಾಮಾನ್ಯವಾಗಿ ಭಾರತದ ಅಡುಗೆಯವರೂ ಇರುತ್ತಾರೆ. ಮೆನುವಿನಲ್ಲಿ ಇಲ್ಲದ ದಾಲ್, ಆಲೂಗೋಬಿ, ಬಿಸಿ ರೋಟಿ ಟೇಬಲ್‌ಗೆ ಬರುವುದು ಈ ದಾರಿಯಿಂದ. ಸಿಬ್ಬಂದಿಯ ಎದೆಯ ಬಿಲ್ಲೆಯಲ್ಲಿ ಹೆಸರಿನ ಜೊತೆ ದೇಶದ ಹೆಸರೂ ಇರುತ್ತೆ. ಇಂಡಿಯಾ ಅಂತ ಕಂಡರೆ ಮಾತಾಡಿಸಿ. ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗಿಗೆ ಹೋಗುವುದು ಹೊಸದಲ್ಲ. ತಿಂಗಳುಗಟ್ಟಲೆ ಕನ್ನಡ ಕೇಳದ ಹುಡುಗನೊಬ್ಬ ಸಿಕ್ಕಿಬಿಟ್ಟರೆ ನಿಮ್ಮ ಅತ್ತೆಯವರ ಮೊಸರನ್ನಕ್ಕೆ ಒಗ್ಗರಣೆಯೂ ಬೀಳಬಹುದು. (ಇದು ಭರವಸೆ ಅಲ್ಲ, ಹಾರೈಕೆ.)

ಡೈನಿಂಗ್ ರೂಮಿಗೆ ಸಮಯ ಮೊದಲೇ ಆರಿಸಬೇಕು. ಸಂಜೆ ಐದೂವರೆ-ಆರರ ಸುಮಾರಿಗೆ ಒಂದು ಸರದಿ, ಎಂಟರ ಸುಮಾರಿಗೆ ಇನ್ನೊಂದು, ಇಲ್ಲವೇ ನಿಮ್ಮ ಅನುಕೂಲದ ಹೊತ್ತು. ನಮ್ಮವರಿಗೆ ಎಂಟರದ್ದೇ ಹೊಂದುತ್ತೆ, ಬೇಗ ತುಂಬಿಹೋಗುವುದೂ ಅದೇ. ಆದರೆ ಸಕ್ಕರೆ ಕಾಯಿಲೆಯವರಿಗೆ ಮಧ್ಯಾಹ್ನದ ಊಟದಿಂದ ರಾತ್ರಿ ಎಂಟೂವರೆವರೆಗೆ ಕಾಯುವುದು ಕಷ್ಟ. ಬಫೆಯ ಸಂಜೆ ಬಾಗಿಲು ತೆರೆದ ಕೂಡಲೇ ಹೋಗಿ ಒಂದು ಹಣ್ಣು, ಸ್ವಲ್ಪ ಸಲಾಡ್ ಕೊಡಿಸಿ. ಬಫೆಯ ತಟ್ಟೆಯನ್ನು ಕೋಣೆಗೆ ಒಯ್ಯುವುದಕ್ಕೂ ಸಾಮಾನ್ಯವಾಗಿ ಅಡ್ಡಿ ಇಲ್ಲ. ಆದರೆ ಹಡಗಿನ ಹಣ್ಣು, ಊಟವನ್ನು ಬಂದರಿಗೆ ಇಳಿಯುವಾಗ ಚೀಲದಲ್ಲಿ ಹಾಕಿಕೊಳ್ಳಬೇಡಿ. ಅದಕ್ಕೆ ಅನುಮತಿ ಇಲ್ಲ. ಆಸ್ಟ್ರೇಲಿಯಾ, ಅಮೆರಿಕದಂಥ ದೇಶಗಳಲ್ಲಿ ಒಂದು ಸೇಬಿಗೂ ದಂಡ ಹಾಕುತ್ತಾರೆ.

ಹೊಟ್ಟೆ ಕೆಡುವ ಮಾತಿಗೆ ಬರೋಣ. ಹಡಗಿನಲ್ಲಿ ವಾಂತಿ-ಭೇದಿ ಸುದ್ದಿಯಾಗುವುದು ಹೆಚ್ಚಾಗಿ ನೊರೊವೈರಸ್‌ನಿಂದ. ಆದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ, ವರದಿಯಾಗುವ ಒಟ್ಟು ನೊರೊವೈರಸ್ ಹಾವಳಿಗಳಲ್ಲಿ ಹಡಗುಗಳ ಪಾಲು ಶೇ. 1 ಮಾತ್ರ. ಹಡಗಿನದ್ದು ಜಾಸ್ತಿ ಕಿವಿಗೆ ಬೀಳುವುದಕ್ಕೆ ಕಾರಣ, ಅಲ್ಲಿ ಲೆಕ್ಕ ಇಡುತ್ತಾರೆ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗಿನಲ್ಲಿ ಪ್ರಯಾಣಿಕರಲ್ಲೋ ಸಿಬ್ಬಂದಿಯಲ್ಲೋ ಶೇ. 3ರಷ್ಟು ಜನ ಹೊಟ್ಟೆ ಕೆಟ್ಟು ವೈದ್ಯರ ಹತ್ತಿರ ಬಂದರೆ ಆ ಸಂಸ್ಥೆ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತೆ. ಅವರು ಹೇಳದೆ ಕೇಳದೆ ಬಂದು ತಪಾಸಣೆಯನ್ನೂ ಮಾಡುತ್ತಾರೆ. 100ಕ್ಕೆ 86 ಬರಬೇಕು, 85 ಬಂದರೂ ಫೇಲ್. ಹಡಗಿನ ಹುಡುಗರು ಇದಕ್ಕೆ ಯುಎಸ್‌ಪಿಎಚ್ ಅನ್ನುತ್ತಾರೆ. ಆ ನಾಲ್ಕಕ್ಷರ ಕೇಳಿದರೆ ಗ್ಯಾಲಿಯಲ್ಲಿ ಬೆವರು ಕಿತ್ತುಬರುತ್ತೆ. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣಗಿನದು 5 ಡಿಗ್ರಿ ದಾಟಬಾರದು. ಹಾಗೆ ಇಡಲಾಗದ ಪದಾರ್ಥಕ್ಕೆ 4 ಗಂಟೆಯ ಗಡುವು, ಆಮೇಲೆ ಎಷ್ಟೇ ಉಳಿದಿದ್ದರೂ ಕಸಕ್ಕೆ. ಸಿಂಗಾಪುರದಲ್ಲಿ ಓಡುವ ಹಡಗಿನ ಬಾಗಿಲಿಗೆ ಅಮೆರಿಕದ ಅಧಿಕಾರಿ ಬರುವುದಿಲ್ಲ ಅನ್ನುವುದು ನಿಜ. ಆದರೆ ಇಂದು ಇಲ್ಲಿರುವ ಹಡಗು ಇನ್ನೊಂದು ವರ್ಷ ಅಲಾಸ್ಕಾದಲ್ಲಿರಬಹುದು. ಹುಡುಗರಿಗೆ ಕೊಡುವ ತರಬೇತಿ ಒಂದೇ.

ಬಫೆಯಲ್ಲಿ ಅಡುಗೆಯಷ್ಟೇ ಎಚ್ಚರ ಬೇಕಾದದ್ದು ನೂರಾರು ಕೈ ಮುಟ್ಟುವ ಸೌಟಿನ ಬಗ್ಗೆ. ನೊರೊವೈರಸ್‌ಗೆ ಆಲ್ಕೋಹಾಲ್ ಸ್ಯಾನಿಟೈಜರ್ ಅಷ್ಟಾಗಿ ನಾಟುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಬೇಕು. ವಿಂಡ್‌ಜಾಮರ್ ಬಾಗಿಲ ಬಳಿ ಎಷ್ಟೋ ಹಡಗುಗಳಲ್ಲಿ ಕೈತೊಳೆಯುವ ಬೇಸಿನ್ ಸಾಲೇ ಇದೆ. ನಾವು ಊಟಕ್ಕೆ ಮುಂಚೆ ಹೇಗೂ ಕೈ ತೊಳೆಯುವವರು. ಆದರೆ ಬಫೆಯಲ್ಲಿ ಬಡಿಸಿಕೊಂಡು ಬಂದ ಮೇಲೆ, ತಿನ್ನುವ ಮುಂಚೆ ಇನ್ನೊಮ್ಮೆ ತೊಳೆಯುವುದು ಮುಖ್ಯ. ಅದರಲ್ಲೂ ಚಪಾತಿ, ಅನ್ನವನ್ನು ಕೈಯಲ್ಲಿ ತಿನ್ನುವವರು. (ಕೈಯಲ್ಲಿ ತಿನ್ನಲು ನಾಚಿಕೆ ಏನೂ ಬೇಡ, ಯಾರೂ ನೋಡುವುದಿಲ್ಲ.) ಹಡಗಿನಲ್ಲಿ ಕಾಯಿಲೆ ಹಬ್ಬಿದ ಸೂಚನೆ ಕಂಡರೆ ಸೌಟುಗಳನ್ನು ಅತಿಥಿಗಳ ಕೈಗೆ ಕೊಡುವುದನ್ನೇ ನಿಲ್ಲಿಸಿ ಸಿಬ್ಬಂದಿಯೇ ಬಡಿಸುತ್ತಾರೆ. ಮನೆಯವರಲ್ಲಿ ಯಾರಿಗಾದರೂ ವಾಂತಿ ಶುರುವಾದರೆ ಕೋಣೆಯಲ್ಲಿ ಕೂಡಿಹಾಕುತ್ತಾರೆಂದು ಹೆದರಿ ಮುಚ್ಚಿಡಬೇಡಿ. ವೈದ್ಯರಿಗೆ ಹೇಳಿ. ಸಕ್ಕರೆ ಕಾಯಿಲೆಯವರಿಗೆ ಮೈಯಲ್ಲಿ ನೀರು ಕಡಿಮೆಯಾಗುವುದು ಆಟವಲ್ಲ. ಹಡಗಿನ ವೈದ್ಯರ ಬಿಲ್ ದುಬಾರಿ, ಪ್ರಯಾಣ ವಿಮೆ ಮಾಡಿಸಿಯೇ ಹೊರಡಿ.

ಮಕ್ಕಳ ಬಗ್ಗೆ ಚಿಂತೆ ಬೇಡ, ಅವರು ಐಸ್‌ಕ್ರೀಮ್ ಮೆಷಿನ್ ಹುಡುಕಿಕೊಂಡು ಬಿಡುತ್ತಾರೆ. ಆದರೆ ನಟ್ಸ್ ಥರದ ಅಲರ್ಜಿ ಇರುವ ಮಗುವಿದ್ದರೆ ಬಫೆ ಬೇಡವೇ ಬೇಡ, ಡೈನಿಂಗ್ ರೂಮ್ ತೆರೆದಿರುವ ಹೊತ್ತಿನಲ್ಲೆಲ್ಲಾ ಅಲ್ಲಿಗೇ ಹೋಗಿ. ಒಂದೇ ಸಲಕ್ಕೆ ತಟ್ಟೆ ತುಂಬಿಸದಿರಲು ಮಾತ್ರ ಹೇಳಿಕೊಡಿ. ಬಿಟ್ಟ ಅನ್ನ ಎಲ್ಲಿಗೆ ಹೋಗುತ್ತೆ ಅಂತ ಅವರು ಕೇಳಿದರೆ: ಅಂತರರಾಷ್ಟ್ರೀಯ ನಿಯಮದಂತೆ, ಅದನ್ನು ಯಂತ್ರದಲ್ಲಿ 25 ಮಿಲಿಮೀಟರ್ ಜರಡಿಯಲ್ಲಿ ಇಳಿಯುವಷ್ಟು ಸಣ್ಣಗೆ ಅರೆದು, ದಡದಿಂದ ಕನಿಷ್ಠ 3 ನಾಟಿಕಲ್ ಮೈಲಿ ದೂರ ಹೋದ ಮೇಲೆ ಸಮುದ್ರಕ್ಕೆ ಬಿಡಬಹುದು. ಮೆಡಿಟರೇನಿಯನ್, ಕೆರಿಬಿಯನ್‌ನಂಥ ಕಡೆ 12 ಮೈಲಿ.

ದುಡ್ಡಿನ ಲೆಕ್ಕ. ಬಫೆಯಲ್ಲಿ ಊಟ, ನೀರು, ಟೀ, ಸಾಮಾನ್ಯ ಕಾಫಿ, ತಿಂಡಿಯ ಹೊತ್ತಿನ ಜ್ಯೂಸ್ ಇವಕ್ಕೆ ಹಣ ಇಲ್ಲ. ಕೋಲಾ, ಬಿಯರ್, ವೈನ್, ಕೆಫೆಯ ಸ್ಪೆಷಲ್ ಕಾಫಿಗೆ ಹಣ, ಅದರ ಮೇಲೆ ಶೇ. 18 ಸೇವಾಶುಲ್ಕ. ಬೇರೆ ಹೆಸರಿನ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳಿಗೆ ಪ್ರತ್ಯೇಕ ದುಡ್ಡು. ಕೋಣೆಗೆ ಊಟ ತರಿಸಿದರೂ ಬೆಳಗಿನ ಸರಳ ತಿಂಡಿಯ ಹೊರತು ಶುಲ್ಕ ಉಂಟು. ಇದೆಲ್ಲ ಕೋಣೆಯ ಕಾರ್ಡ್‌ಗೇ ಸೇರುವುದರಿಂದ ಮಕ್ಕಳ ಕಾರ್ಡ್‌ನಲ್ಲಿ ಖರೀದಿ ನಿಲ್ಲಿಸಲು ಹೇಳಿ. ಏಜೆಂಟರು ಮರೆಯುವ ಇನ್ನೊಂದು ಖರ್ಚು ದಿನದ ಟಿಪ್ಸ್. ತಲೆಗೆ ದಿನಕ್ಕೆ 16ರಿಂದ 20 ಅಮೆರಿಕನ್ ಡಾಲರ್ ಆಸುಪಾಸು, ಮಕ್ಕಳಿಗೂ ಅಷ್ಟೇ. ಐದು ಜನಕ್ಕೆ ನಾಲ್ಕು ರಾತ್ರಿ ಅಂದರೆ 320ರಿಂದ 400 ಡಾಲರ್. ನಿಮ್ಮ ಪ್ಯಾಕೇಜ್‌ನಲ್ಲಿ ಸೇರಿದೆಯೇ ಅಂತ ಕೇಳಿ.

ಅತ್ತೆಯವರಿಗೆ ಇದು ಯಾವುದೂ ಒಗ್ಗದು ಅನಿಸಿದರೆ, ಹಡಗು ಬದಲಿಸುವ ಯೋಚನೆಯೂ ಮಾಡಬಹುದು. ಸಿಂಗಾಪುರದಿಂದಲೇ 2022ರಿಂದ ಹೊರಡುತ್ತಿರುವ ಗೆಂಟಿಂಗ್ ಡ್ರೀಮ್ ಹಡಗು ಸಸ್ಯಾಹಾರ, ಜೈನ ಊಟ ಇದೆ ಅಂತಲೇ ಪ್ರಚಾರ ಮಾಡುತ್ತೆ. ಮುಂಬೈಯಿಂದ 2021ರಲ್ಲಿ ಶುರುವಾದ ಕೊರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗಿನಲ್ಲಂತೂ ಪ್ರಯಾಣಿಕರು ಹೆಚ್ಚುಕಡಿಮೆ ಎಲ್ಲಾ ನಮ್ಮವರೇ, ಊಟವೂ ಹಾಗೇ. ಆ ಹಡಗು 1990ರಲ್ಲಿ ಕಟ್ಟಿದ್ದು, ಹಿಂದೆ ರಾಯಲ್ ಕೆರಿಬಿಯನ್‌ದೇ ಆಗಿತ್ತು. ಹೊಸ ಹಡಗಿನ ಥಳುಕು ಅಲ್ಲಿಲ್ಲ. ಇಷ್ಟಾದರೂ ಟಿಕೆಟ್ ಆಗಿಬಿಟ್ಟಿದೆ ಅಂದಮೇಲೆ ನಾನಾದರೆ ಬದಲಿಸುವುದಿಲ್ಲ. ನಾಲ್ಕೇ ರಾತ್ರಿ, ನಡುವೆ ಪೆನಾಂಗ್ ಬೇರೆ ಇದೆ. ಅಲ್ಲಿನ ಜಾರ್ಜ್‌ಟೌನ್ ನಗರದ ಲಿಟಲ್ ಇಂಡಿಯಾ ಬಡಾವಣೆಯಲ್ಲಿ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲ್‌ಗಳಿವೆ, ಹಡಗು ನಿಲ್ಲುವ ಜಾಗದಿಂದ ಹತ್ತಿರ. ಆ ಮಧ್ಯಾಹ್ನ ಬಾಳೆ ಎಲೆ ಊಟ ಅಲ್ಲೇ ಆಗಲಿ.

ಈ ವಾರವೇ ಏಜೆಂಟ್‌ಗೆ ಒಂದು ಇಮೇಲ್ ಹಾಕಿ, ಬಾಯಿಮಾತು ಬೇಡ. ಅತ್ತೆಯವರ ಹೆಸರಿನ ಮುಂದೆ "ಭಾರತೀಯ ಸಸ್ಯಾಹಾರ, ಮೊಟ್ಟೆ ಇಲ್ಲ, ಸಕ್ಕರೆ ಕಾಯಿಲೆ" ಅಂತ ಬುಕಿಂಗ್‌ನಲ್ಲಿ ದಾಖಲಾಗಬೇಕು. ಎರಡು ಕೋಣೆ ಇದ್ದರೆ ಎರಡೂ ಬುಕಿಂಗ್ ಜೋಡಿಸಿ ಒಂದೇ ಟೇಬಲ್ ಕೊಡಬೇಕು. ರಾತ್ರಿ ಎಂಟರ ಸರದಿ ಬೇಕು. ಟಿಪ್ಸ್ ಸೇರಿದೆಯೋ ಇಲ್ಲವೋ ತಿಳಿಸಬೇಕು. ಈ ವಿನಂತಿ ಹಡಗು ಹೊರಡುವ ಒಂದೂವರೆ ತಿಂಗಳ ಮುಂಚೆಯಾದರೂ ಕಂಪನಿಗೆ ತಲುಪಿರಲಿ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಮೊದಲ ರಾತ್ರಿ ಹೆಡ್ ವೇಟರ್ ಬಂದಾಗ ಅದನ್ನೇ ತೋರಿಸಿ.